ಸಣ್ಣಕರುಳು ಹಿಗ್ಗುವುದೇಕೆ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೈಸ್ಕೂಲಿನ ಕನ್ನಡ ಪಂಡಿತನೊಬ್ಬನು ವಾರ್ಷಿಕೋತ್ಸವದ ವೇದಿಕೆಯನ್ನೇರಿದನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಎತ್ತಿಕೊಳ್ಳುವನೆಂದು ಸಭಿಕರು ನಿರೀಕ್ಷಿಸುವುದು ಸಹಜವೇ ಸರಿ. ಆಮಂತ್ರಣಪತ್ರಿಕೆಯಲ್ಲಿ ನನ್ನ ವಿಷಯವನ್ನು ಓದಿದ ಮಿತ್ರರೊಬ್ಬರು ಇದು ಅಚ್ಚಿನ ತಪ್ಪಿರಬೇಕೆಂದು ಕಾರ್ಯದರ್ಶಿಗಳನ್ನು ವಿಚಾರಿಸಿದರಂತೆ. ಅಚ್ಚಿನವರ ತಪ್ಪೇನೂ ಇಲ್ಲ. ನಾನು ವೈದ್ಯನಲ್ಲವೆಂಬುದೂ ನಿಮಗೆಲ್ಲ ತಿಳಿದದ್ದೇ. ಕಳೆದ ಆಟಿ ತಿಂಗಳಲ್ಲಿ ಆಸ್ಪತ್ರೆಯೊಂದರಲ್ಲಿ ನಾಲ್ಕು ದಿನ ಕಳೆಯಬೇಕಾಗಿ ಬಂದು, ಅಲ್ಲಿ ವೈದ್ಯರಿಂದ ಕೇಳಿದುದನ್ನೂ ಆಮೇಲೆ ಪುಸ್ತಕಗಳಲ್ಲಿ ಓದಿ ಸರಿನೋಡಿಕೊಂಡುದನ್ನೂ ನಮ್ಮವರಿಗೆ ನಮ್ಮ ಮಾತಿನಲ್ಲಿ ಹೇಳಬೇಕೆಂಬ ಆಸೆಯಿಂದ ಇಲ್ಲಿ ನಿಂತಿದ್ದೇನೆ.

ನಮ್ಮ ನೆರೆಯಲ್ಲಿ ಅಡಿಕೆ ತೋಟದ ಹಿರಿಯರೊಬ್ಬರಿದ್ದಾರೆ, ಅರುವತ್ತೈದು ದಾಟಿದವರು. ನಾನು ಅವರನ್ನು ಮಾವ ಎಂದೇ ಕರೆಯುವುದು. ಒಂದು ಸಂಜೆ ಅವರಿಗೆ ಹೊಕ್ಕುಳಿನ ಸುತ್ತ ನೋವು ತೊಡಗಿತು. ಅಲೆಯಂತೆ ಏರುವುದು, ತುಸು ಇಳಿಯುವುದು, ಮತ್ತೆ ಏರುವುದು. ರಾತ್ರಿ ವಾಂತಿ, ಬೆಳಗಾಗುವಾಗ ಹೊಟ್ಟೆ ಉಬ್ಬಿ ಬಿಗಿದುಕೊಂಡಿತ್ತು. ಮನೆಯವರು ಗ್ಯಾಸ್ ಎಂದು ನಿಶ್ಚಯಿಸಿ ಓಮದ ಕಷಾಯ ಕೊಟ್ಟರು, ಅದು ನಿಲ್ಲಲಿಲ್ಲ. ಬಳಿಕ, ಹೊಟ್ಟೆ ಒಮ್ಮೆ ಶುದ್ಧಿಯಾಗಲಿ ಎಂದು ಎರಡು ಚಮಚ ಹರಳೆಣ್ಣೆಯನ್ನೂ ಕುಡಿಸಿದರು. ನೋವು ಇಮ್ಮಡಿಯಾಯಿತು, ವಾಂತಿ ಹಸುರು ಹಳದಿಗೆ ತಿರುಗಿತು. ಎರಡನೆಯ ದಿನ ಮಧ್ಯಾಹ್ನ ನನಗೆ ಕರೆ ಬಂದಿತು. ಮಲಯಾಳ ಮಾತಾಡಬಲ್ಲವನೆಂಬುದೇ ನನ್ನ ಯೋಗ್ಯತೆ.

ಆಸ್ಪತ್ರೆಯಲ್ಲಿ ನಾನು ಚೀಟಿ ಮಾಡಿಸುತ್ತ ಹೊರಗೆ ನಿಂತಿದ್ದೆ. ಒಳಗೆ ತರುಣಿಯಾದ ವೈದ್ಯೆಯೊಬ್ಬರು ಮಾವನನ್ನು ವಿಚಾರಿಸಿದರು. ಅವರಿಗೆ ಕನ್ನಡ ಬಾರದು, ಇವರಿಗೆ ಮಲಯಾಳ ಅಷ್ಟಕ್ಕಷ್ಟೆ. ಮಾವ ಹೊಟ್ಟೆ ಹಿಡಿದುಕೊಂಡು 'ಕರುಳು, ಕರುಳು' ಎಂದರು. ಆ ಹೆಣ್ಣುಮಗಳು ತನಗೆ ತಿಳಿದ ಆ ಒಂದೇ ಮಾತನ್ನು ಹಿಡಿದುಕೊಂಡು, ಕಾಮಾಲೆ ಬಂದಿತ್ತೇ, ಕುಡಿಯುವ ಅಭ್ಯಾಸವಿದೆಯೇ, ಎಷ್ಟು ವರ್ಷದಿಂದ, ಎಂದು ಕೇಳತೊಡಗಿದರು. ಹುಟ್ಟಿದಂದಿನಿಂದ ಕಳ್ಳಿನ ಕಡೆ ಕಣ್ಣೆತ್ತಿ ನೋಡದ ಮಾವ ಆ ನೋವಿನಲ್ಲಿಯೂ ಕೆಂಡವಾಗಿದ್ದರು. ನಾನು ಹೋಗಿ ನೋಡುವಾಗ ಇಬ್ಬರ ಮುಖದಲ್ಲಿಯೂ ಅಪರಾಧ ಮಾಡದೆ ಸಿಕ್ಕಿಬಿದ್ದವರ ಭಾವ.

ಸಂಗತಿ ಇಷ್ಟೆ. ನಮ್ಮ 'ಕರುಳು' ಮತ್ತು ಮಲಯಾಳದ 'ಕರಳ್' ಒಂದೇ ತಾಯಿಯ ಮಕ್ಕಳು. ಹೊಟ್ಟೆಯೊಳಗಿನ ಅಂಗವೆಂಬುದು ಮೂಲದ ಅರ್ಥ. ಮಮತೆಯ ನೆಲೆಯೆಂಬ ಅರ್ಥವೂ ಎರಡು ಕಡೆಯಲ್ಲಿ ಬೆಳೆಯಿತು. ಆದರೆ ಕಾಲಕ್ರಮದಲ್ಲಿ ಕನ್ನಡದ ಕರುಳು ಆಹಾರದ ನಾಳಕ್ಕೆ ನಿಂತಿತು, ಮಲಯಾಳದ ಕರಳ್ ಪಿತ್ತಕೋಶಕ್ಕೆ, ಅಂದರೆ ಲಿವರಿಗೆ ನಿಂತಿತು. ನಮ್ಮ ಕರುಳಿಗೆ ಅವರು ಹೇಳುವುದು 'ಕುಡಲ್', ಸಣ್ಣಕರುಳು 'ಚೆರುಕುಡಲ್'. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿಯೂ ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿಯೂ ಅಚ್ಚಾದುದು ಒಂದೇ ಊರಿನಲ್ಲಿ, ನಮ್ಮ ಮಂಗಳೂರಿನಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದುವ ಭಾಗ್ಯ ರೋಗಿಗೂ ಇಲ್ಲ, ವೈದ್ಯರಿಗೂ ಇಲ್ಲ. ಅಂದಿನ ಗೊಂದಲ ಕಾಲು ಗಂಟೆಯಲ್ಲಿ ಬಗೆಹರಿಯಿತು. ಜೊತೆಗೆ ಯಾರೂ ಇಲ್ಲದವರ ಗೊಂದಲ ಎಷ್ಟು ಹೊತ್ತು ನಡೆಯುವುದೋ!

ಎಕ್ಸ್‌ರೇ ತೆಗೆದರು. ಹೊಟ್ಟೆಯ ನಡುವೆ ಊದಿದ ಸುರುಳಿಗಳು, ಒಂದರ ಮೇಲೊಂದು ಏಣಿಯ ಮೆಟ್ಟಿಲಿನಂತೆ. ಪ್ರತಿಯೊಂದರಲ್ಲಿಯೂ ಕೆಳಗೆ ನೀರು, ಮೇಲೆ ಗಾಳಿ. ಸಣ್ಣಕರುಳಿನ ಸುರುಳಿಗಳು ಹಿಗ್ಗಿವೆಯೆಂದು ವರದಿಯಲ್ಲಿ ಬರೆದಿತ್ತು. ಮಾವನ ಮಗನಿಗೆ ಅದನ್ನು ಓದಿ ಹೇಳಿದೆ. ಅವನು ನಿಟ್ಟುಸಿರು ಬಿಟ್ಟು, "ಹಿಗ್ಗಿದೆಯಷ್ಟೆ ಅಲ್ಲವೇ ಮಾಷ್ಟ್ರೇ? ಗ್ಯಾಸ್ ಹೋದರೆ ಕುಗ್ಗೀತು" ಎಂದನು. ಪಕ್ಕದಲ್ಲಿದ್ದ ಶಸ್ತ್ರವೈದ್ಯರು ತುಳುವಿನಲ್ಲಿಯೇ ಅವನಿಗೆ ಹೇಳಿದ ಮಾತಿನ ತಾತ್ಪರ್ಯವಿದು: ಹಿಗ್ಗುವುದು ಕಾಯಿಲೆಯ ಗುರುತು, ಕಾಯಿಲೆಯನ್ನು ಇನ್ನು ಹುಡುಕಬೇಕು.

'ಹಿಗ್ಗು' ಎಂಬುದು ಕನ್ನಡದಲ್ಲಿ ಸಂತೋಷದ ಮಾತು. ಮನಸ್ಸು ಹಿಗ್ಗಿದರೆ ಹಬ್ಬ. ಕರುಳು ಹಿಗ್ಗಿದರೆ ಮಾತ್ರ ಸಂಕಟ. ಈ 'ಸಂಕಟ'ವನ್ನು ನೋಡಿರಿ: ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಇಕ್ಕಟ್ಟು, ಕಿರಿದಾದ ದಾರಿ. ಹೊಟ್ಟೆಯ ಸಂಕಟವೆಂದು ನಾವು ದಿನವೂ ಆಡುವ ಮಾತಿನೊಳಗೆ ರೋಗದ ಸ್ವರೂಪವೇ ಅಡಗಿದೆ. ಒಂದು ಕಡೆ ಕರುಳು ಹಿಗ್ಗಿ ಕಂಡಿತೆಂದರೆ ಅದರಿಂದ ಮುಂದೆ ಎಲ್ಲಿಯೋ ಇಕ್ಕಟ್ಟು ಇದೆಯೇ ಎಂದು ಮೊತ್ತಮೊದಲು ನೋಡತಕ್ಕದ್ದು.

ತೋಟದವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಮಳೆಗಾಲದಲ್ಲಿ ಕಣಿಯ ನೀರು ಉಕ್ಕಿ ದಂಡೆ ಮೀರಿದರೆ ಉಕ್ಕಿದ ಜಾಗದಲ್ಲಿ ನಿಂತು ನೀರು ಮೊಗೆಯುವವನು ಹೆಡ್ಡ. ಬಲ್ಲವನು ಕಣಿಯ ಜೊತೆಗೆ ಕೆಳಗೆ ನಡೆಯುತ್ತಾನೆ. ಅಡ್ಡಬಿದ್ದ ಸೋಗೆಯೋ ಹಾಳೆಯೋ ಎಲ್ಲಿ ಸಿಕ್ಕಿಕೊಂಡಿದೆಯೆಂದು ನೋಡುತ್ತಾನೆ. ಸಿ.ಟಿ. ಸ್ಕ್ಯಾನಿನಲ್ಲಿ ವೈದ್ಯರು ಮಾಡುವುದೂ ಇದನ್ನೇ. ಹಿಗ್ಗಿದ ಸುರುಳಿಯನ್ನು ಹಿಡಿದು ಮುಂದೆ ಸಾಗುತ್ತ, ಅಗಲ ಕರುಳು ಎಲ್ಲಿ ಒಮ್ಮೆಲೇ ಕಿರಿದಾಯಿತೋ ಅಲ್ಲಿ ನಿಲ್ಲುತ್ತಾರೆ.

ಸಣ್ಣಕರುಳೆಂದರೆ ಉದ್ದದಲ್ಲಿ ಸಣ್ಣದಲ್ಲ. ಹೆಚ್ಚುಕಡಿಮೆ ಇಪ್ಪತ್ತು ಅಡಿ. ಸಣ್ಣದು ಅದರ ಅಗಲ. ಎಕ್ಸ್‌ರೇಯಲ್ಲಿ ಮೂರು ಸೆಂಟಿಮೀಟರಿಗಿಂತ ಮೇಲೆ ಹೋದರೆ ಹಿಗ್ಗಿದೆಯೆಂದು ಲೆಕ್ಕ. ನಾವು ಕುಡಿದ ನೀರು, ಜೊಲ್ಲು, ಜಠರದ ರಸ, ಪಿತ್ತರಸ, ಮೇದೋಜೀರಕದ ರಸ ಎಲ್ಲ ಸೇರಿ ದಿನಕ್ಕೆ ಏಳೆಂಟು ಲೀಟರಿನಷ್ಟು ದ್ರವ ಈ ನಾಳಕ್ಕೆ ಬಂದು, ಬಹುಭಾಗ ಅಲ್ಲಿಯೇ ಹೀರಲ್ಪಟ್ಟು ರಕ್ತಕ್ಕೆ ಮರಳುತ್ತದೆ. ದಾರಿ ಕಟ್ಟಿತೆಂದರೆ ಆ ದ್ರವವೂ ನುಂಗಿದ ಗಾಳಿಯೂ ನಿಂತು ಕರುಳು ಊದುತ್ತದೆ. ಊದಿದ ಗೋಡೆ ಹೀರುವುದನ್ನು ಬಿಟ್ಟು ತಾನೇ ನೀರು ಒಸರತೊಡಗುತ್ತದೆ. ಹೀಗೆ ಹೊಟ್ಟೆಯೊಳಗೆ ಲೀಟರುಗಟ್ಟಲೆ ನೀರು ತುಂಬಿಕೊಂಡೂ ಮನುಷ್ಯನು ನೀರಿಲ್ಲದೆ ಒಣಗುತ್ತಾನೆ. ನಾಲಗೆ ಬಾಡುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇಂತಹ ಕರುಳಿಗೆ ಮೇಲಿನಿಂದ ಹರಳೆಣ್ಣೆ ಹೊಯ್ಯುವುದೆಂದರೆ ಮುಚ್ಚಿದ ಬಾಗಿಲಿಗೆ ಗೂಳಿಯನ್ನು ಅಟ್ಟಿದಂತೆ. ತಡೆಯನ್ನು ದಾಟಲೆಂದು ಕರುಳು ಮೊದಲೇ ಹಿಂಡಿ ಹಿಂಡಿ ನೋಯುತ್ತಿರುವಾಗ ಅದನ್ನು ಇನ್ನೂ ಬಡಿದೆಬ್ಬಿಸಿದಂತಾಗುತ್ತದೆ.

ಇನ್ನು ತಡೆಯ ಕಾರಣಗಳು. "ಹಿಂದೆ ಹೊಟ್ಟೆಯ ಆಪರೇಶನ್ ಏನಾದರೂ ಆಗಿತ್ತೇ?" ಇದು ಶಸ್ತ್ರವೈದ್ಯರು ಕೇಳಿದ ಮೊದಲ ಪ್ರಶ್ನೆ. ಮಾವ ಇಲ್ಲವೆಂದರು. ಪಂಚೆ ಸರಿಸಿ ನೋಡುವಾಗ ಬಲಗಡೆಯಲ್ಲಿ ಹಳೆಯ ಗಾಯದ ಗೆರೆ! ಮೂವತ್ತು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆದದ್ದು. ಯಾಕೆ ಹೇಳಲಿಲ್ಲವೆಂದರೆ, "ಅದು ಅಂದೇ ವಾಸಿಯಾಗಿದೆಯಲ್ಲ" ಎಂದರು. ಹೊರಗಿನ ಗಾಯ ವಾಸಿಯಾದುದು ನಿಜ. ಆದರೆ ಹೊಟ್ಟೆಯನ್ನು ತೆರೆದು ಮುಚ್ಚಿದ ಮೇಲೆ ಒಳಗೆ ಗಾಯ ಮಾಯುವಾಗ ಕರುಳಿಗೂ ಕರುಳಿಗೂ, ಕರುಳಿಗೂ ಹೊಟ್ಟೆಯ ಗೋಡೆಗೂ ನಡುವೆ ಅಂಟಿನಂತಹ ಎಳೆಗಳು ಬೆಳೆಯುವುದುಂಟು. ಬಹುಮಂದಿಗೆ ಅದರಿಂದ ಏನೂ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ತಿಂಗಳ ಮೇಲೋ ಹತ್ತಾರು ವರ್ಷಗಳ ಮೇಲೋ ಒಂದು ದಿನ ಕರುಳಿನ ಸುರುಳಿ ಆ ಎಳೆಗೆ ಸಿಕ್ಕಿ ಮಡಚಿಕೊಳ್ಳುತ್ತದೆ. ಇಂದು ಸಣ್ಣಕರುಳಿನ ತಡೆಗೆ ಇದೇ ಅತಿಸಾಮಾನ್ಯ ಕಾರಣ. ತಾಯಂದಿರು ಇದನ್ನು ಗಮನಿಸಬೇಕು: ಹೆರಿಗೆಯ ಆಪರೇಶನ್ನೂ ಗರ್ಭಕೋಶ ತೆಗೆದದ್ದೂ ಈ ಲೆಕ್ಕಕ್ಕೆ ಸೇರುತ್ತವೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಈ ಅಂಟು ಕಡಿಮೆಯೆಂದು ಹೇಳುತ್ತಾರೆ.

ಎರಡನೆಯದು ಹರ್ನಿಯಾ. ಹೊಟ್ಟೆಯ ಗೋಡೆ ಸಡಿಲವಾದ ಕಡೆಯಲ್ಲಿ, ಹೆಚ್ಚಾಗಿ ತೊಡೆಸಂದಿಯಲ್ಲಿ, ಕರುಳು ಹೊರನುಗ್ಗಿ ಗಂಟಿನಂತೆ ಕಾಣುವುದು. ಮಲಗಿದರೆ ಒಳಗೆ ಹೋಗುತ್ತದೆ, ಭಾರ ಎತ್ತಿದರೆ, ಕೆಮ್ಮಿದರೆ ಹೊರಗೆ ಬರುತ್ತದೆ. ನಮ್ಮಲ್ಲಿ ಇದನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡು ಇಪ್ಪತ್ತು ವರ್ಷ ಅಡಿಕೆ ಹೊತ್ತವರನ್ನು ನಾನು ಬಲ್ಲೆ. ನಾಚಿಕೆಗೆ ಕಾರಣವಾವುದೂ ಇಲ್ಲಿಲ್ಲ. ಒಂದು ದಿನ ಆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ ಒಳಗಿನ ಕರುಳು ಸಿಕ್ಕಿಬಿದ್ದಿದೆಯೆಂದು ತಿಳಿಯಬೇಕು. ಹೆಂಗಸರಲ್ಲಿ ತೊಡೆಯ ಬುಡದ ಗಂಟು ನೆಲ್ಲಿಕಾಯಿಯಷ್ಟೇ ಇರಬಹುದು. ಅವರು ತೋರಿಸುವುದಿಲ್ಲ, ಅನೇಕ ವೇಳೆ ನೋಡುವವರೂ ನೋಡುವುದಿಲ್ಲ. ವಾಂತಿಗೆ ಔಷಧ ಕೊಡುತ್ತ ಎರಡು ದಿನ ಕಳೆದುಹೋಗುತ್ತದೆ.

ಮೂರನೆಯದು ನಮ್ಮ ದೇಶದಲ್ಲಿ ಇಂದಿಗೂ ಮರೆಯಲಾಗದ್ದು: ಕರುಳಿನ ಕ್ಷಯ. ಕ್ಷಯವೆಂದರೆ ಎದೆಯ ರೋಗವೆಂದೇ ಜನರ ಎಣಿಕೆ. 1882ರಲ್ಲಿ ರಾಬರ್ಟ್ ಕಾಖ್ ಕಂಡುಹಿಡಿದ ಆ ಕ್ರಿಮಿಗೆ ಎದೆಯ ಹಂಗಿಲ್ಲ. ನುಂಗಿದ ಕಫದಿಂದಲೋ ಕಾಯಿಸದ ಹಾಲಿನಿಂದಲೋ ರಕ್ತದ ಮೂಲಕವೋ ಅದು ಕರುಳಿಗೆ ಇಳಿಯಬಲ್ಲುದು. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಮೂಲೆ ಅದಕ್ಕೆ ಬಹಳ ಪ್ರಿಯವಾದ ನೆಲೆ. ಅಲ್ಲಿ ಹುಣ್ಣು ಕರುಳಿನ ಸುತ್ತ ಬಳೆಯಂತೆ ಹಬ್ಬುತ್ತದೆ, ಮಾಯುವಾಗ ಬಳೆ ಕುಗ್ಗುತ್ತದೆ, ದಾರಿ ಕಿರಿದಾಗುತ್ತದೆ. ಇದು ಒಂದು ರಾತ್ರಿಯ ಕೆಲಸವಲ್ಲ. ತಿಂಗಳುಗಟ್ಟಲೆ ಸಂಜೆಯ ಜ್ವರ, ಹಸಿವಿಲ್ಲದಿರುವುದು, ಮೈ ಇಳಿಯುವುದು, ಊಟದ ಮೇಲೆ ನೋವು, ಹೊಟ್ಟೆಯಲ್ಲಿ ಏನೋ ಉರುಳಿ ಗುಡುಗುಡು ಶಬ್ದವಾದ ಕೂಡಲೇ ನೋವು ಇಳಿಯುವುದು, ಹೀಗೆ ನಡೆಯುತ್ತದೆ. ನಿಧಾನವಾಗಿ ಕಟ್ಟಿದ ದಾರಿಯಾದುದರಿಂದ ಹಿಂದಿನ ಕರುಳು ಹಿಗ್ಗುವುದರೊಡನೆ ದಪ್ಪವೂ ಆಗುತ್ತದೆ. ಎದೆಯ ಎಕ್ಸ್‌ರೇ ಶುದ್ಧವಾಗಿದೆಯೆಂಬ ಮಾತ್ರಕ್ಕೆ ಕರುಳಿನ ಕ್ಷಯ ಇಲ್ಲವೆನ್ನಲಾಗದು. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಧರ್ಮಾರ್ಥ ಸಿಗುತ್ತದೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಸೇವಿಸಬೇಕು. ತೀರ ಕಿರಿದಾದ ಕಡೆಯನ್ನು ಶಸ್ತ್ರದಿಂದ ಅಗಲಿಸುವುದೂ ಉಂಟು. ಮದುವೆಯ ಮಾತು ತಪ್ಪೀತೆಂದು ಮಗಳ ಕ್ಷಯವನ್ನು ಅಜೀರ್ಣವೆಂದು ಸಾರುವ ಮನೆಗಳು ನಮ್ಮ ನಡುವೆ ಇವೆ. ಅವರನ್ನು ಬಯ್ಯಲಾರೆ, ಆ ಹುಡುಗಿ ನನ್ನ ತರಗತಿಯಲ್ಲಿ ದಿನದಿನಕ್ಕೆ ಸೊರಗುವುದನ್ನು ನೋಡಿ ಸುಮ್ಮನಿರಲೂ ಆರೆ.

ಮಕ್ಕಳ ವಿಷಯದಲ್ಲಿ ಎರಡು ಮಾತು. ಗೇಣಿಗೂ ಮೀರಿ ಬೆಳೆಯುವ ಜಂತುಹುಳುಗಳು ಮಗುವಿನ ಹೊಟ್ಟೆಯಲ್ಲಿ ಬಹಳವಾದರೆ ಹಗ್ಗದ ಉಂಡೆಯಂತೆ ಸುತ್ತಿಕೊಂಡು ದಾರಿ ಕಟ್ಟಬಲ್ಲುವು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಮಾತ್ರೆ ಇದಕ್ಕಾಗಿಯೇ. ಕಿಸೆಗೆ ಹಾಕಿಕೊಂಡು ಬೇಲಿಯಾಚೆ ಎಸೆಯುವ ಜಾಣರನ್ನು ನಾವು ಮಾಷ್ಟ್ರುಗಳು ಪ್ರತಿಸಲವೂ ಹಿಡಿಯುತ್ತೇವೆ. ಇನ್ನೊಂದು, ಎರಡು ವರ್ಷದೊಳಗಿನ ಶಿಶುಗಳಲ್ಲಿ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ, ಅಂಗಿಯ ತೋಳು ಒಳಮಡಚಿದಂತೆ, ಹೊಕ್ಕುಬಿಡುವುದು. ಮಗು ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಚೀರುವುದು, ಸುಮ್ಮನಾಗುವುದು, ಮತ್ತೆ ಚೀರುವುದು. ಮಲದಲ್ಲಿ ರಕ್ತ, ಲೋಳೆ. ಬೇಗ ಕರೆದೊಯ್ದರೆ ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ತುಂಬಿ, ಕೊಯ್ಯದೆಯೇ ಸರಿಪಡಿಸುವ ಉಪಾಯವುಂಟು.

ಕರುಳು ತಿರುಚಿಕೊಳ್ಳುವುದು, ಗಡ್ಡೆ ಬೆಳೆಯುವುದು, ಪಿತ್ತದ ಚೀಲದ ಕಲ್ಲು ಜಾರಿ ಬಂದು ಕರುಳಿನಲ್ಲಿ ಸಿಕ್ಕುವುದು, ಜೀರ್ಣವಾಗದ ನಾರಿನ ಉಂಡೆ, ಇವೂ ಕಾರಣಗಳೇ. ಸುಶ್ರುತಸಂಹಿತೆಯಲ್ಲಿ ಎಂಟು ಬಗೆಯ ಉದರರೋಗಗಳನ್ನು ಎಣಿಸಿ ಅವುಗಳಲ್ಲಿ 'ಬದ್ಧಗುದೋದರ'ವೆಂಬ ಒಂದನ್ನು ಹೇಳಿದೆ. ಜಿಗುಟಾದ ಅನ್ನದಿಂದಲೋ ಅನ್ನದೊಡನೆ ಹೋದ ಕೂದಲು, ಕಲ್ಲುಗಳಿಂದಲೋ ಕರುಳಿನ ದಾರಿ ಮುಚ್ಚಿ ಹೊಟ್ಟೆ ಉಬ್ಬುವುದೆಂದು ಅದರ ವಿವರಣೆ. ತಡೆಯಿಂದ ಉಬ್ಬರ ಎಂಬ ತತ್ತ್ವವನ್ನು ಆ ಕಾಲದವರು ಕಂಡಿದ್ದರೆಂಬುದು ಹೆಮ್ಮೆಯ ವಿಷಯ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಎಕ್ಸ್‌ರೇಗೆ ಬೆನ್ನು ತಿರುಗಿಸುವವರ ಪಂಕ್ತಿಯಲ್ಲಿ ನನ್ನನ್ನು ಕೂರಿಸಬೇಡಿರಿ.

ಇಷ್ಟು ಹೇಳಿದ ಮೇಲೆ ಇದಕ್ಕೆ ವಿರುದ್ಧವಾದ ಮಾತೊಂದನ್ನು ಹೇಳಬೇಕು. ಯಾವ ತಡೆಯೂ ಇಲ್ಲದೆ ಕರುಳು ಹಿಗ್ಗುವುದುಂಟು. ಕಣಿ ಶುದ್ಧವಾಗಿದೆ, ಆದರೆ ನೀರನ್ನು ಮುಂದೆ ದೂಡುವವರಿಲ್ಲ. ಕರುಳಿನ ಸ್ನಾಯುಗಳು ಮುಷ್ಕರ ಹೂಡಿವೆ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಒಂದೆರಡು ದಿನ ಹೀಗಾಗುವುದು ಸಾಮಾನ್ಯ. ಆಪರೇಶನ್ ಆದವರಿಗೆ ಗಂಜಿ ಕೊಡಲಿಲ್ಲವೆಂದು ನೆಂಟರು ದಾದಿಯರೊಡನೆ ಜಗಳಕ್ಕೆ ನಿಲ್ಲುವುದಿದೆ. ಕರುಳು ಎಚ್ಚರಗೊಳ್ಳಲಿ ಎಂದು ಅವರು ಕಾಯುತ್ತಿರುತ್ತಾರೆ. ಹೊಟ್ಟೆಯೊಳಗೆ ಕೀವು ಹರಡಿದಾಗ, ಅಫೀಮಿನ ಜಾತಿಯ ನೋವಿನ ಔಷಧಗಳಿಂದ, ರಕ್ತದಲ್ಲಿ ಪೊಟ್ಯಾಸಿಯಮ್ ಇಳಿದಾಗಲೂ ಕರುಳು ಹೀಗೆ ನಿಶ್ಚೇಷ್ಟಿತವಾಗುತ್ತದೆ. ಮಳೆಗಾಲದ ಭೇದಿ ಹಿಡಿದವರಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಮುದುಕರಲ್ಲಿ ಪೊಟ್ಯಾಸಿಯಮ್ ಇಳಿಯುವುದು ಅಪರೂಪವಲ್ಲ. ತಡೆಯುಳ್ಳ ಕರುಳಿಗೆ ಸ್ಟೆತೊಸ್ಕೋಪ್ ಇಟ್ಟರೆ, ಮೊದಮೊದಲು, ಕೊಡಕ್ಕೆ ನೀರು ಬೀಳುವಂತಹ ಎತ್ತರದ ದನಿ ಕೇಳುವುದಂತೆ. ನಿಶ್ಚೇಷ್ಟಿತ ಕರುಳಿನಲ್ಲಿ ಮೌನ.

ವರ್ಷಗಟ್ಟಲೆ ಮೆಲ್ಲಮೆಲ್ಲನೆ ಹಿಗ್ಗುವ ಕರುಳುಗಳೂ ಇವೆ. ಚರ್ಮ ಬಿಗಿದುಕೊಳ್ಳುವ ಸ್ಕ್ಲೀರೋಡರ್ಮಾ ರೋಗದಲ್ಲಿ ಕರುಳಿನ ಸ್ನಾಯುವೂ ಸತ್ತ್ವಗುಂದುತ್ತದೆ. ಗೋಧಿಯ ಅಂಟು ಒಗ್ಗದವರ ಸೀಲಿಯಾಕ್ ರೋಗದಲ್ಲಿಯೂ ಸಣ್ಣಕರುಳು ಅಗಲವಾಗಿ ಕಾಣುವುದುಂಟು. ಆ ರೋಗಕ್ಕೆ ಗೋಧಿ ಕಾರಣವೆಂಬುದನ್ನು ಹಾಲೆಂಡಿನ ಡಿಕೆ ಎಂಬ ಮಕ್ಕಳ ವೈದ್ಯರು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಕುಚ್ಚಲಕ್ಕಿಯ ನಾಡಿನವರಾದ ನಮಗೆ ಇದರ ಭಯ ಅಷ್ಟಾಗಿಲ್ಲ. ಮೈ ಒಮ್ಮೆಲೇ ಇಳಿದು ತೀರ ಕೃಶರಾದವರಲ್ಲಿ ಜಠರದ ಪಕ್ಕದ ಮೊದಲ ಭಾಗ ಎರಡು ರಕ್ತನಾಳಗಳ ನಡುವೆ ಒತ್ತಿಹೋಗಿ ಹಿಂದುಗಡೆ ಹಿಗ್ಗುವುದೂ ಒಂದು ವಿಚಿತ್ರ.

ತಡೆಯಿದ್ದಾಗ ಭಯಪಡಬೇಕಾದುದು ಯಾವುದಕ್ಕೆಂದರೆ, ಸಿಕ್ಕಿಬಿದ್ದ ಕರುಳಿನ ರಕ್ತಸಂಚಾರ ನಿಲ್ಲುವುದಕ್ಕೆ. ಹಾಗಾದರೆ ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯುತ್ತದೆ, ತೂತಾಗುತ್ತದೆ. ಅಲೆಯಂತೆ ಬರುತ್ತಿದ್ದ ನೋವು ಬಿಡುವಿಲ್ಲದ ನೋವಾದರೆ, ಜ್ವರ ಬಂದರೆ, ನಾಡಿ ಓಡತೊಡಗಿದರೆ, ಹೊಟ್ಟೆ ಮುಟ್ಟಗೊಡದಿದ್ದರೆ, ಬೆಳಗಾಗಲಿ ಎನ್ನುವಂತಿಲ್ಲ. 2020ರ ಮಾರ್ಚಿ ತಿಂಗಳಲ್ಲಿ ಕೊರೋನಾ ನಿಮಿತ್ತ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಇಲ್ಲಿರುವ ಎಲ್ಲರಿಗೂ ನೆನಪಿದೆ. ಹತ್ತಿರದಲ್ಲಿ ಶಸ್ತ್ರವೈದ್ಯರೂ ಸ್ಕ್ಯಾನೂ ಇರುವುದೆಲ್ಲಿ ಎಂಬುದನ್ನು ಹೊಟ್ಟೆ ನೋಯದಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಒಳಿತು.

ಅಲ್ಲಿಗೆ ಹೋದ ಮೇಲೆ ಹೇಳಬೇಕಾದುವು ಐದೇ: ವಾಂತಿ ಯಾವಾಗಿನಿಂದ, ಅದರ ಬಣ್ಣವೇನು, ಕೊನೆಯ ಸಲ ಮಲವೂ ಗಾಳಿಯೂ ಹೋದುದು ಯಾವಾಗ, ಹಿಂದೆ ಹೊಟ್ಟೆಯ ಆಪರೇಶನ್ ಆಗಿತ್ತೇ, ಎಲ್ಲಿಯಾದರೂ ಗಂಟು ಇದೆಯೇ. ವಾಂತಿಗೆ ಮಲಯಾಳದಲ್ಲಿ 'ಛರ್ದಿ'. ನಮ್ಮ ಪಂಡಿತರಿಗೆ ಪರಿಚಿತವಾದ ಮಾತೇ. ಗಾಳಿ ಹೋಗುವುದನ್ನು ಹೇಳಲು ನಮ್ಮವರು ಬಹಳ ಸಂಕೋಚಪಡುತ್ತಾರೆ, ಅದೂ ತರುಣಿಯೊಬ್ಬಳ ಮುಂದೆ. 'ಕೀಳ್‌ವಾಯು' ಎನ್ನಿರಿ, ಗೌರವವಾದ ಶಬ್ದ, ಅವರಿಗೂ ಅರ್ಥವಾಗುತ್ತದೆ.

ಮಾವನಿಗೆ ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ನಿಂತ ದ್ರವವನ್ನು ಹೊರತೆಗೆದರು. ಬಾಯಿಗೆ ಏನೂ ಇಲ್ಲ. ರಕ್ತನಾಳದಿಂದ ನೀರು, ಲವಣ. ಸ್ಕ್ಯಾನಿನಲ್ಲಿ ತಡೆಯ ಜಾಗ ಹಳೆಯ ಗಾಯದ ಹತ್ತಿರವೇ ಕಂಡಿತು, ರಕ್ತಸಂಚಾರ ಸರಿಯಿತ್ತು. ಅಂಟಿನಿಂದಾದ ತಡೆಯಲ್ಲಿ ಅನೇಕರಿಗೆ ಹೀಗೆ ವಿಶ್ರಾಂತಿ ಕೊಟ್ಟರೇ ಸಾಕಾಗುವುದೆಂದೂ ಆಗದಿದ್ದರೆ ಹೊಟ್ಟೆ ತೆರೆಯಬೇಕಾಗುವುದೆಂದೂ ಹೇಳಿದರು. ಗಂಟೆಗೊಮ್ಮೆ ಹೊಟ್ಟೆಯನ್ನು ಮುಟ್ಟಿ ನೋಡುತ್ತಿದ್ದವರು ಮೊದಲ ದಿನದ ಆ ತರುಣಿ ವೈದ್ಯೆಯೇ. ಎರಡು ರಾತ್ರಿ ನಾವು ನಿದ್ದೆ ಮಾಡಲಿಲ್ಲ. ಮೂರನೆಯ ಬೆಳಗ್ಗೆ ಅವರು ಬಂದಾಗ ಮಾವ, ಅಷ್ಟು ಸಂಕೋಚದ ಮನುಷ್ಯ, ವಾರ್ಡಿಗೆಲ್ಲ ಕೇಳುವಂತೆ "ಕೀಳ್‌ವಾಯು ಪೋಯಿ!" ಎಂದರು. ಅಕ್ಕಪಕ್ಕದ ಹಾಸಿಗೆಯವರು ಕೂಡ ನಕ್ಕರು. ಅಂದು ಸಂಜೆಗೆ ಕೊಳವೆ ತೆಗೆದರು, ಮರುದಿನ ಗಂಜಿ.

ಹೊರಡುವಾಗ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಮಾವ ಅದನ್ನು ನನ್ನ ಕೈಗೆ ಕೊಟ್ಟು, "ಮಾಷ್ಟ್ರೇ, ಇದರ ಹಿಂದೆ ಕನ್ನಡದಲ್ಲಿ ಬರೆದುಕೊಡಿ. ಇನ್ನು ಮೇಲೆ ನಾನು ಕರುಳು ಎನ್ನುವುದಿಲ್ಲ, ಕುಡಲ್ ಎಂದೇ ಹೇಳುತ್ತೇನೆ" ಎಂದರು.

"ಕರುಳು ಎಂತಲೇ ಹೇಳಿ ಮಾವ, ಕೈಯಿಂದ ಜಾಗ ತೋರಿಸಿ. ಆ ಹಳೆಯ ಗೆರೆಯನ್ನೂ ತೋರಿಸಿ" ಎಂದು ಹೇಳಿ, ಕಾಗದದ ಬೆನ್ನಿನ ಮೇಲೆ ಮೂವತ್ತು ವರ್ಷ ಹಿಂದಿನ ಆಪರೇಶನ್ನನ್ನೂ ಈಗಿನ ತಡೆಯನ್ನೂ ತಾರೀಕು ಸಹಿತ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದೆನು. ಅದೀಗ ಅವರ ರೇಶನ್ ಕಾರ್ಡಿನ ಜೊತೆಯಲ್ಲಿದೆ. ಇಂತಹ ಚೀಟಿ ಬೇಕಾದವರು ಆದಿತ್ಯವಾರ ಸಂಜೆ ಸಂಘದ ವಾಚನಾಲಯಕ್ಕೆ ಹಳೆಯ ಆಸ್ಪತ್ರೆಯ ಕಾಗದಗಳನ್ನು ತೆಗೆದುಕೊಂಡು ಬರಬಹುದು; ಕಾರ್ಯದರ್ಶಿಗಳು ಮೇಜೊಂದನ್ನು ಕೊಡಲು ಒಪ್ಪಿದ್ದಾರೆ.